ನಾತಾಳದ ದಿನಗಳು ಮತ್ತು ನಮ್ಮ ಮನೆಗಳ ಹುಟ್ಟುಹಬ್ಬ

ಡಿಸೆಂಬರ್ ತಿಂಗಳ ಮಧ್ಯಭಾಗ ಸಮೀಪಿಸುತ್ತಿದ್ದಂತೆ ಮುಂಬಯಿ ಮಹಾನಗರದ ಬಾಂದ್ರಾ, ಮಾಹಿಮ್, ವಾಕೋಲ, ಕಲೀನಾ, ಮಲಾಡಿನ ಓರ್ಲೆಂ, ಬೊರಿವಲಿಯ ಐ.ಸಿ. ಕಾಲನಿ ಮೊದಲಾದ ಪರಿಸರಗಳಲ್ಲಿ ಕಿಟಕಿ ಕಿಟಕಿಗೂ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ದೀಪಾವಳಿಗೆಂದು ನಾವು ಕಟ್ಟಿದ ಗೂಡುದೀಪವನ್ನು ಇಳಿಸಿ ಇನ್ನೂ ತಿಂಗಳು ಕಳೆದಿರುವುದಿಲ್ಲ, ಅಷ್ಟರಲ್ಲಿ ಪಕ್ಕದ ಮನೆಯವರ ನಕ್ಷತ್ರ ಏರುತ್ತದೆ. ಈ ದಿನಗಳನ್ನು ಮುಂಬಯಿ ಕನ್ನಡಿಗರಾದ ನಾವು ಮರಾಠಿ ನೆರೆಹೊರೆಯವರಿಂದ ಕಲಿತು 'ನಾತಾಳ' ಎಂದು ಕರೆಯುತ್ತೇವೆ. ಮಕ್ಕಳಿಗೆ ಶಾಲೆ ಕೊಡುವುದು ನಾತಾಳದ ರಜೆ. ಈ ಶಬ್ದ ಪೋರ್ಚುಗೀಸರ 'ನತಾಲ್' ಎಂಬುದರಿಂದ ಬಂದದ್ದು. 1534ರಿಂದ 1739ರವರೆಗೆ ವಸಾಯಿ ಸೀಮೆ ಪೋರ್ಚುಗೀಸರ ಅಧೀನದಲ್ಲಿದ್ದುದರ ಉಳಿಕೆಗಳಲ್ಲಿ ಇದೂ ಒಂದು. ನತಾಲ್ ಎಂದರೆ ಹುಟ್ಟಿಗೆ ಸಂಬಂಧಿಸಿದ್ದು. ಹೀಗೆ ನಾತಾಳದ ರಜೆ ಎನ್ನುವಾಗ ನಾವು ಅರಿವಿಲ್ಲದೆಯೇ ಹುಟ್ಟುಹಬ್ಬದ ರಜೆ ಎನ್ನುತ್ತಿರುತ್ತೇವೆ.

ನಮ್ಮ ಮನೆಯ ಮಟ್ಟಿಗಂತೂ ಅದು ಅಕ್ಷರಶಃ ನಿಜ. ನಮ್ಮ ಮಗಳು ಹುಟ್ಟಿದ್ದು 2006ರ ಡಿಸೆಂಬರ್ 25ರಂದು. ಅವಳು ಹುಟ್ಟಿದ ಗಂಟೆ ನಿಮಿಷಗಳೂ ತೂಕವೂ ಆಸ್ಪತ್ರೆಯ ಚೀಟಿಯಲ್ಲಿವೆ, ಮಹಾನಗರ ಪಾಲಿಕೆಯ ಜನನ ಪ್ರಮಾಣಪತ್ರವಿದೆ, ಊರಿನ ಜೋಯಿಸರು ಬರೆದು ಕಳುಹಿಸಿದ ಜಾತಕವಿದೆ. ಮಗುವನ್ನು ಮೊದಲ ಬಾರಿಗೆ ಮಡಿಲಿಗೆ ತೆಗೆದುಕೊಂಡ ನಮ್ಮ ಅಜ್ಜಿ, "ನಾನೂ ಇದೇ ದಿನಗಳಲ್ಲಿ ಹುಟ್ಟಿದವಳಂತೆ" ಎಂದರು. ಹಾಗಾದರೆ ತಾರೀಕು ಯಾವುದು ಎಂದು ನಾವು ಕೇಳಿದೆವು. "ಅದನ್ನೆಲ್ಲ ಯಾರು ಬರೆದಿಟ್ಟಿದ್ದಾರೆ ಮಗಾ?" ಎಂದು ಅವರು ನಕ್ಕರು. ಅರುವತ್ತು ವರ್ಷ ಆ ಮನೆಯ ಎಲ್ಲರ ಹುಟ್ಟುಹಬ್ಬಕ್ಕೆ ಪಾಯಸ ಮಾಡಿದ ಹೆಂಗಸಿನ ಹುಟ್ಟಿದ ದಿನವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳದವರಲ್ಲಿ ನಾವೂ ಇದ್ದೆವು.

ಅವರ ಹುಟ್ಟಿದ ದಿನವನ್ನು ಹೇಗೆ ಹುಡುಕಿದೆವೆಂದು ಹೇಳುವ ಮೊದಲು, ನಮ್ಮ ಮನೆಗಳಲ್ಲಿ ಹುಟ್ಟಿದ ದಿನವೆಂಬುದು ಯಾವ ಲೆಕ್ಕದಲ್ಲಿ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಇಲ್ಲಿಯೇ ಹುಟ್ಟಿ ಬೆಳೆದ ಮೂರನೆಯ ತಲೆಮಾರಿನ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು: ನನಗೇಕೆ ಎರಡು ಹುಟ್ಟುಹಬ್ಬ?

ತಾರೀಕು ಸೂರ್ಯನ ಲೆಕ್ಕ, ತಿಥಿ ಚಂದ್ರನ ಲೆಕ್ಕ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂತಹ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ 365 ದಿನ. ಆದ್ದರಿಂದ ತಿಥಿಯ ಹುಟ್ಟುಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಈ ಸರಿತ ಒಂದು ತಿಂಗಳನ್ನು ಮುಟ್ಟಿದಾಗ ಪಂಚಾಂಗದಲ್ಲಿ ಅಧಿಕಮಾಸ ಸೇರುತ್ತದೆ, ಹಬ್ಬಗಳೆಲ್ಲ ಮತ್ತೆ ಮುಂದಕ್ಕೆ ಹೋಗುತ್ತವೆ. ನಮ್ಮ ಮಗಳು ಹುಟ್ಟಿದ್ದು ಪುಷ್ಯ ಶುದ್ಧ ಪಂಚಮಿಯಂದು. 2007ರಲ್ಲಿ ಅಧಿಕ ಜ್ಯೇಷ್ಠ ಬಂದುದರಿಂದ ಅವಳ ಮೊದಲ ವರ್ಷದ ತಿಥಿಯು 2008ರ ಜನವರಿಯ ಎರಡನೆಯ ವಾರ, ಮಕರ ಸಂಕ್ರಾಂತಿಯ ಹೊಸ್ತಿಲಿಗೆ ಬಂತು. ತಾರೀಕಿನ ಪ್ರಕಾರ ಒಂದು ವರ್ಷ ತುಂಬಿದ ಮಗು ತಿಥಿಯ ಪ್ರಕಾರ ಇನ್ನೂ ಮೂರು ವಾರ ಕಾಯಬೇಕಾಯಿತು. 2007ನೆಯ ಇಸವಿಯಿಡೀ ಹುಡುಕಿದರೂ ಅವಳ ತಿಥಿಯ ಹುಟ್ಟುಹಬ್ಬ ಸಿಗದು!

ಈ ಎರಡು ಲೆಕ್ಕಗಳು ಎಂದಾದರೂ ಒಂದಾಗುವುದುಂಟೆ? ಉಂಟು. ಹತ್ತೊಂಬತ್ತು ಸೌರ ವರ್ಷಗಳೂ 235 ಚಾಂದ್ರಮಾಸಗಳೂ ಹೆಚ್ಚುಕಡಮೆ ಸಮ. ಎರಡಕ್ಕೂ ಇರುವ ಅಂತರ ಸುಮಾರು ಎರಡು ಗಂಟೆ ಮಾತ್ರ. ಹತ್ತೊಂಬತ್ತು ಹನ್ನೆರಡಲೆ 228, ಅದಕ್ಕೆ ಏಳು ಅಧಿಕಮಾಸ ಸೇರಿ 235. ಆದ್ದರಿಂದ ಯಾರಿಗೇ ಆಗಲಿ 19, 38, 57, 76ನೆಯ ವರ್ಷ ತುಂಬುವಾಗ ತಾರೀಕು ಮತ್ತು ತಿಥಿ ಒಂದೇ ದಿನ, ಇಲ್ಲವೇ ಒಂದು ದಿನದ ಹಿಂದೆ ಮುಂದೆ, ಬಂದು ಕೂಡುತ್ತವೆ. 2025ರ ಡಿಸೆಂಬರ್ 25 ಕೂಡ ಪುಷ್ಯ ಶುದ್ಧ ಪಂಚಮಿಯೇ. ವಾಚಕರು ತಮ್ಮ ತಮ್ಮ ಮನೆಯ ಹಳೆಯ ಪಂಚಾಂಗಗಳನ್ನು ತೆರೆದು ಇದನ್ನು ಪರೀಕ್ಷಿಸಿಕೊಳ್ಳಬಹುದು. ಗೋಡೆಯ 'ಕಾಲನಿರ್ಣಯ'ವೂ ಸಾಕು, ಅದರ ಕನ್ನಡ ಆವೃತ್ತಿಯೂ ಇದೆ.

ಎರಡು ಹುಟ್ಟುಹಬ್ಬದ ಗೊಂದಲ ನಮಗಷ್ಟೇ ಇರುವುದಲ್ಲ. ಇದೇ ನಗರದ ಪಾರ್ಸಿಗಳು ತಾರೀಕಿನ ಜೊತೆಗೆ ತಮ್ಮ ಪಂಚಾಂಗದ 'ರೋಜ್' ಪ್ರಕಾರವೂ ಹುಟ್ಟುಹಬ್ಬ ಆಚರಿಸುತ್ತಾರೆ. ಅವರಲ್ಲಿ ಬಹುಮಂದಿ ಅನುಸರಿಸುವ ಶಹನ್‌ಶಾಹಿ ಪಂಚಾಂಗದಲ್ಲಿ ಅಧಿಕ ದಿನದ ಲೆಕ್ಕವಿಲ್ಲ, ಆದುದರಿಂದ ಅದು ನಾಲ್ಕು ವರ್ಷಕ್ಕೊಂದು ದಿನ ಸರಿಯುತ್ತದೆ. ಅಷ್ಟೇಕೆ, ಯೇಸುವಿನ ಜನನದಿನವೇ ಒಂದಾಗಿ ಉಳಿದಿಲ್ಲ. ಅದು ಡಿಸೆಂಬರ್ 25 ಎಂಬುದು ರೋಮಿನಲ್ಲಿ ನೆಲೆಗೊಂಡದ್ದು 4ನೆಯ ಶತಮಾನದಲ್ಲಿ. ಆರ್ಮೇನಿಯದ ಪ್ರಾಚೀನ ಸಭೆ ಇಂದಿಗೂ ಜನವರಿ 6ರಂದು ಆಚರಿಸುತ್ತದೆ. ಹಳೆಯ ಜೂಲಿಯನ್ ಪಂಚಾಂಗವನ್ನು ಬಿಡದ ರಷ್ಯದವರಿಗೆ ಅದು ಜನವರಿ 7. ಹದಿಮೂರು ದಿನಗಳ ಆ ವ್ಯತ್ಯಾಸವೂ ಪಂಚಾಂಗದ ಸರಿತವೇ.

ನಮ್ಮ ಸಂಪ್ರದಾಯದಲ್ಲಿ ಹುಟ್ಟುಹಬ್ಬಕ್ಕೆ 'ವರ್ಧಂತಿ' ಎಂಬ ಹಳೆಯ ಹೆಸರಿದೆ. ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ವರ್ಧಂತಿ ಉತ್ಸವವಾಗಿ ನಡೆಯುತ್ತಿತ್ತು. ದೇವಾಲಯಗಳಲ್ಲಿ ಪ್ರತಿಷ್ಠಾ ವರ್ಧಂತಿ ಇಂದಿಗೂ ನಡೆಯುತ್ತದೆ. ಮನೆಗಳಲ್ಲಿ ಬೆಳಿಗ್ಗೆ ಎಣ್ಣೆ ಸ್ನಾನ, ಹೊಸ ಬಟ್ಟೆ, ದೇವರಿಗೂ ಹಿರಿಯರಿಗೂ ನಮಸ್ಕಾರ, ಹಸೆಯ ಮೇಲೆ ಕೂರಿಸಿ ಆರತಿ. ಚಿರಂಜೀವಿ ಮಾರ್ಕಂಡೇಯನನ್ನು ಸ್ಮರಿಸಿ ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಕುಡಿಯುವುದೂ ಕೆಲವು ಮನೆಗಳಲ್ಲಿದೆ. ಮಗುವಿನ ಮೊದಲ ವರ್ಷಕ್ಕೆ ಆಯುಷ್ಯಹೋಮ, ಅರುವತ್ತಕ್ಕೆ ಷಷ್ಟ್ಯಬ್ದಿ, ಎಂಬತ್ತು ದಾಟಿದ ಮೇಲೆ ಸಹಸ್ರ ಚಂದ್ರದರ್ಶನ. ಸಾವಿರ ಹುಣ್ಣಿಮೆ ಎಂದರೆ ಸರಿಸುಮಾರು 80 ವರ್ಷ 10 ತಿಂಗಳು. ಇವೆಲ್ಲವೂ ಜನನಕಾಲ ಗೊತ್ತಿದ್ದವರಿಗೆ ಮಾತ್ರ ಸಲ್ಲುವ ಗೌರವಗಳು ಎಂಬುದನ್ನು ಗಮನಿಸಬೇಕು.

ಎಲ್ಲರಿಗೂ ಗೊತ್ತಿರಲಿಲ್ಲ. ತುಳುನಾಡಿನ ದುಡಿಯುವ ವರ್ಗಗಳಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವ ರೂಢಿಯಿತ್ತು. ಆದಿತ್ಯವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ತಿಂಗಳು ಮರೆತರೂ ಇಸವಿ ಮರೆತರೂ ವಾರ ಮಾತ್ರ ಜೀವನಪರ್ಯಂತ ಹೆಸರಿನಲ್ಲೇ ಉಳಿಯುತ್ತಿತ್ತು. ನೆನಪಿನ ಈ ಉಪಾಯವನ್ನು ನಾವು ಬಹಳ ದೊಡ್ಡದೆಂದೇ ಭಾವಿಸುತ್ತೇವೆ.

ನಮ್ಮ ಅಜ್ಜ ಹನ್ನೆರಡರ ಪ್ರಾಯದಲ್ಲಿ ಉಡುಪಿಯ ಹಳ್ಳಿಯಿಂದ ಬಂದು ಕೋಟೆ ಪರಿಸರದ ಹೋಟೆಲೊಂದರಲ್ಲಿ ಲೋಟ ತೊಳೆಯಲು ನಿಂತವರು. ಅಂತಹ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಅಲ್ಲಿ ಸೇರುವಾಗ ಹುಟ್ಟಿದ ದಿನಾಂಕ ಕೇಳಿದರು, ಇವರು ಗೊತ್ತಿಲ್ಲವೆಂದರು, ಗುರುಗಳು ಜೂನ್ 1 ಎಂದು ಬರೆದರು. ಶಾಲಾವರ್ಷ ಜೂನ್ ತಿಂಗಳಲ್ಲಿ ಆರಂಭವಾಗುತ್ತಿದ್ದುದರಿಂದ ವಯಸ್ಸಿನ ಲೆಕ್ಕಕ್ಕೆ ಅದು ಸುಲಭ. ಆ ತಲೆಮಾರಿನ ಎಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದವರು. ಯಾವುದೇ ಸಂಘದ ಹಿರಿಯ ಸದಸ್ಯರ ಪಟ್ಟಿಯನ್ನು ನೋಡಿದರೆ ಇದು ತಿಳಿಯುತ್ತದೆ. ಸುಳ್ಳಾದರೂ ಅದೊಂದು ತಾರೀಕು. ನಿವೃತ್ತಿಗೂ ಬ್ಯಾಂಕಿಗೂ ಅದು ನಡೆಯಿತು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದುದರಿಂದ ಅವರಿಗೆ ಸುಳ್ಳು ತಾರೀಕೂ ಇರಲಿಲ್ಲ. ಮತದಾರರ ಪಟ್ಟಿಯಲ್ಲಿ ಒಂದು ಅಂದಾಜು ವಯಸ್ಸು, ಪಡಿತರ ಚೀಟಿಯಲ್ಲಿ ಇನ್ನೊಂದು.

ಜಾತಕವಾದರೂ ಇರಲಿಲ್ಲವೇ ಎಂದು ಕೇಳಬಹುದು. ಇತ್ತಂತೆ. ಮದುವೆಯ ಕಾಲಕ್ಕೆ ಕೂಟ ನೋಡಲು ಬೇಕಾಗಿತ್ತು, ನೋಡಿಯಾಯಿತು, ಆಮೇಲೆ ಅದರ ಕೆಲಸ ಮುಗಿಯಿತು. ತವರುಮನೆಯ ಅಟ್ಟದಲ್ಲಿ ಅದನ್ನು ಗೆದ್ದಲು ತಿಂದಿತು. ನಕ್ಷತ್ರ ನೆನಪಿದೆಯೇ ಎಂದರೆ, "ದೇವಸ್ಥಾನದಲ್ಲಿ ಅರ್ಚನೆ ನಿಮ್ಮ ಅಜ್ಜನ ಹೆಸರಿನಲ್ಲಿ, ನನ್ನದು ಯಾರು ಕೇಳುತ್ತಾರೆ?" ಎಂದರು.

ಇಲ್ಲೊಂದು ವಿಪರ್ಯಾಸವಿದೆ. ಆಡುಮಾತಿನಲ್ಲಿ 'ತಿಥಿ' ಎಂದರೆ ಶ್ರಾದ್ಧ ಎಂದೇ ಅರ್ಥ. ನಾಳೆ ಅವರ ಮನೆಯಲ್ಲಿ ತಿಥಿ ಎಂದರೆ ಯಾರೂ ಹುಟ್ಟುಹಬ್ಬವೆಂದು ಭಾವಿಸುವುದಿಲ್ಲ. (ಒಮ್ಮೆ ನಮ್ಮ ಮಗಳು ದೂರವಾಣಿಯಲ್ಲಿ, "ಇವತ್ತು ನನ್ನ ತಿಥಿ, ಬನ್ನಿ" ಎಂದು ಊರಿನ ದೊಡ್ಡಮ್ಮನನ್ನು ಕರೆದು ಬೈಸಿಕೊಂಡಳು.) ನಮ್ಮ ಮನೆಯಲ್ಲಿ ಮುತ್ತಜ್ಜ ತೀರಿಕೊಂಡ ಮಾಸ, ಪಕ್ಷ, ತಿಥಿ ಎಲ್ಲರಿಗೂ ಗೊತ್ತಿತ್ತು. ಅವರ ತಾಯಿಯ ತಿಥಿಯೂ ಗೊತ್ತಿತ್ತು. ಎಷ್ಟೇ ಕಷ್ಟದ ವರ್ಷವಾಗಲಿ, ಚಾಳಿನ ಒಂದು ಕೋಣೆಯಲ್ಲಾಗಲಿ, ಅದು ತಪ್ಪಿದ್ದಿಲ್ಲ. ಸತ್ತ ಹೆಂಗಸಿನ ದಿನವನ್ನು ಇಷ್ಟು ನಿಖರವಾಗಿ ಕಾಪಾಡಿಕೊಂಡು ಬಂದ ಮನೆ, ಎದುರಿಗೇ ಬಡಿಸುತ್ತ ನಿಂತಿದ್ದ ಹೆಂಗಸು ಹುಟ್ಟಿದ ದಿನವನ್ನು ಕಳೆದುಕೊಂಡಿತ್ತು. ಯಾರ ಮೇಲೂ ತಪ್ಪು ಹೊರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ, ಬಹಳ ಮನೆಗಳ ಸ್ಥಿತಿ ಇದೇ ಆಗಿತ್ತು.

ಅಜ್ಜಿ ಅಂದು ನೀಡಿದ ಸುಳಿವುಗಳು ಮೂರು. ಒಂದು, ಮಾರಿಬೊಳ್ಳ ಬಂದ ವರ್ಷ. ಎರಡು, ಪೆರಾರ್ದೆ ತಿಂಗಳು. ಮೂರು, ಪೊರ್ಬುಗಳ ಮನೆಯಿಂದ ಹಬ್ಬದ ಬಾಳೆಗೊನೆ ಬಂದ ಮರುದಿನ, ಬುಧವಾರ. ಇದನ್ನು ಅವರ ತಾಯಿ ಹೇಳುತ್ತಿದ್ದರಂತೆ.

ಮಾರಿಬೊಳ್ಳವೆಂದರೆ ದಕ್ಷಿಣ ಕನ್ನಡದ ಹಿರಿಯರು ಮರೆಯದ 1923ರ ಮಹಾಪ್ರವಾಹ. ಆ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂಟವಾಳದ ಪೇಟೆ ಮುಳುಗಿತ್ತು. ಆ ಬಳಿಕ ಜಿಲ್ಲೆಯ ಜನ ಎಷ್ಟೋ ವಿಷಯಗಳನ್ನು 'ಬೊಳ್ಳದ ಮೊದಲು', 'ಬೊಳ್ಳದ ಮೇಲೆ' ಎಂದೇ ಎಣಿಸುತ್ತಿದ್ದರು. ಪೆರಾರ್ದೆಯು ತುಳುವರ ಸೌರಮಾನದ ತಿಂಗಳು. ಸೂರ್ಯ ಧನುರಾಶಿಯನ್ನು ಪ್ರವೇಶಿಸುವ ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಮಣದವರೆಗೆ ಅದರ ಅವಧಿ. ಇದೇ ನಮ್ಮ ಧನುರ್ಮಾಸ. ನಸುಕಿನಲ್ಲೇ ಪೂಜೆ, ಹೆಸರುಬೇಳೆಯ ಹುಗ್ಗಿಯ ನೈವೇದ್ಯ. ಮಾಟುಂಗಾ, ಚೆಂಬೂರುಗಳ ದಕ್ಷಿಣ ಭಾರತೀಯರ ದೇವಾಲಯಗಳಲ್ಲಿ ಇಂದಿಗೂ ಇದನ್ನು ಕಾಣಬಹುದು. ಮದುವೆ ಮುಂಜಿಗಳಿಗೆ ಈ ತಿಂಗಳು ವರ್ಜ್ಯವೆಂಬ ನಂಬಿಕೆಯಿರುವುದರಿಂದ ನಮ್ಮವರ ಮನೆಗಳು ಶಾಂತವಾಗಿರುವ ಕಾಲವೂ ಇದೇ, ನೆರೆಯ ಕ್ರೈಸ್ತರ ಮನೆಗಳು ಗಜಿಬಿಜಿಯೆನ್ನುವ ಕಾಲವೂ ಇದೇ.

ಇನ್ನು ಪೊರ್ಬುಗಳು. ಕರಾವಳಿಯಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕ್ ಗಂಡಸರನ್ನು ಗೌರವದಿಂದ ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮನೆಂದೂ ಕರೆಯುವುದು ವಾಡಿಕೆ. ಅಜ್ಜಿಯ ತವರಿನ ಗದ್ದೆಯಾಚೆ ಅಂತಹ ಒಂದು ಮನೆಯಿತ್ತು. ಅವರು ಹಬ್ಬಕ್ಕೆ ಕಳುಹಿಸುತ್ತಿದ್ದುದು ಬಾಳೆಗೊನೆ, ತೆಂಗಿನಕಾಯಿ, ಬೆಲ್ಲ. ಬೇಯಿಸಿದ ಪದಾರ್ಥವನ್ನು ಬ್ರಾಹ್ಮಣರ ಮನೆಯ ಅಂದಿನ ಮಡಿ ಒಪ್ಪುತ್ತಿರಲಿಲ್ಲ. ಇದು ಎರಡು ಕಡೆಯವರಿಗೂ ಗೊತ್ತಿತ್ತು, ಆದ್ದರಿಂದ ಬೇಯಿಸದ ವಸ್ತುಗಳೇ ಹೋಗುತ್ತಿದ್ದವು, ಬರುತ್ತಿದ್ದವು. ಆ ನಡವಳಿಕೆಯನ್ನು ಇಂದು ಹೊಗಳುವ ಅಗತ್ಯವಿಲ್ಲ. ಅದರ ನಡುವೆಯೂ ಗೊನೆ ಬರುವುದು ಮಾತ್ರ ನಿಲ್ಲಲಿಲ್ಲ ಎಂಬುದನ್ನಷ್ಟೇ ಹೇಳಬಹುದು.

ಮುಂಬಯಿಯ ಕಥೆ ಬೇರೆ. 1948ರಲ್ಲಿ ಮಂಗಳೂರಿನಿಂದ ಹಡಗಿನಲ್ಲಿ ಬಂದಿಳಿದ ಅಜ್ಜಿ, ಸಾಂತಾಕ್ರೂಜ್ ಪೂರ್ವದ ವಾಕೋಲದ ಚಾಳೊಂದರಲ್ಲಿ ಸಂಸಾರ ಹೂಡಿದರು. ಪಕ್ಕದ ಕೋಣೆಯಲ್ಲೇ ಮಂಗಳೂರು ಕಡೆಯ ಬಾಯಮ್ಮ. ನಡುವೆ ಗದ್ದೆಯಿಲ್ಲ, ಒಂದು ಗೋಡೆ ಮಾತ್ರ. ನೀರಿನ ನಳ್ಳಿ ಇಬ್ಬರಿಗೂ ಒಂದೇ. ಮೊದಲ ವರ್ಷ ಬಾಯಮ್ಮ ಕಳುಹಿಸಿದ ಕುಸ್ವಾರದ ತಟ್ಟೆಯನ್ನು ಅಜ್ಜಿ ಹೊಸ್ತಿಲೊಳಗೆ ತರಗೊಡಲಿಲ್ಲವಂತೆ. ಮಕ್ಕಳು ವೆರಾಂಡದಲ್ಲೇ ಕುಳಿತು ಅದನ್ನು ಮುಗಿಸಿದರು. ಕುಸ್ವಾರವೆಂದರೆ ಮಂಗಳೂರು ಕ್ಯಾಥೊಲಿಕರ ಕ್ರಿಸ್‌ಮಸ್ ತಿಂಡಿಗಳ ಸಮೂಹ. ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿಯ ಹೂರಣ ತುಂಬಿ ಕರಿದ ನೆವ್ರಿಯೊ, ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಅಥವಾ ಮುಳ್ಳುಚಮಚದ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವ ಕಿಡಿಯೊ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಬಿಡಿಸುವ ಹೂವಿನಾಕಾರದ ಕೊಕ್ಕಿಸಾಂ, ಜೊತೆಗೆ ಗುಳಿಯೊ, ಚಕ್ಕುಲಿ, ಲಾಡು. ಎರಡು ವಾರ ಮೊದಲೇ ಕೆಲಸ ಆರಂಭವಾಗುತ್ತದೆ. ಕಿಡಿಯೊ ಸುತ್ತುವುದು ಒಬ್ಬರಿಂದಾಗುವ ಕೆಲಸವಲ್ಲ, ಓಣಿಯ ಮಕ್ಕಳೆಲ್ಲ ಕೂಡಿ ಸುತ್ತಬೇಕು. ಎಷ್ಟು ಸುತ್ತಿದರೋ ಅಷ್ಟೇ ಹಸಿಹಿಟ್ಟು ಹೊಟ್ಟೆಗೆ ಹೋಗುತ್ತಿತ್ತೆಂದು ನಮ್ಮ ತಂದೆ ನೆನೆಯುತ್ತಾರೆ.

ಕೆಲವು ವರ್ಷಗಳ ಬಳಿಕ ತಟ್ಟೆ ಒಳಗೆ ಬಂತು. ಯಾವ ವರ್ಷವೆಂದು ಯಾರಿಗೂ ನೆನಪಿಲ್ಲ. ಚಾಳಿನ ಹೆಂಗಸರ ನಡುವೆ ಇಂತಹ ಬದಲಾವಣೆಗಳು ಯಾವ ಘೋಷಣೆಯೂ ಇಲ್ಲದೆ ಆಗುತ್ತವೆ. ಬಾಯಮ್ಮ ನಮ್ಮ ಮನೆಯ ಪಾಲನ್ನು ಹೊಸ ಎಣ್ಣೆಯಲ್ಲಿ ಮೊದಲು ಕರಿದು, ಮೊಟ್ಟೆ ಸೇರದ್ದನ್ನು ಬೇರೆ ಇರಿಸುತ್ತಿದ್ದರು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಅಜ್ಜಿಯ ನಿಯಮ. ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಹೋಗಬೇಕು.

ಬಾಯಮ್ಮನಿಂದ ನಾವು ಅರಿತ ಇನ್ನೊಂದು ಸಂಗತಿ ಕುತೂಹಲಕರವಾದುದು. ಕ್ಯಾಥೊಲಿಕರಲ್ಲಿಯೂ ಹಿಂದೆ ಹುಟ್ಟುಹಬ್ಬಕ್ಕೆ ಇಂದಿನ ಮಹತ್ವವಿರಲಿಲ್ಲ. 3ನೆಯ ಶತಮಾನದ ಒರಿಜೆನ್ ಎಂಬ ಧರ್ಮಪಂಡಿತನಂತೂ ಹುಟ್ಟುಹಬ್ಬ ಆಚರಿಸುವುದನ್ನು ಆಕ್ಷೇಪಿಸಿದ್ದ. ಇಂದಿಗೂ ಅವರ ಸಭೆಯ ಪಂಚಾಂಗದಲ್ಲಿ ಹಬ್ಬವಾಗಿ ಬರುವ ಜನನದಿನಗಳು ಮೂರೇ: ಡಿಸೆಂಬರ್ 25ರ ಯೇಸುವಿನದು, ಜೂನ್ 24ರ ಸ್ನಾನಿಕ ಯೊಹಾನ್ನನದು, ಸೆಪ್ಟೆಂಬರ್ 8ರ ಮರಿಯಮ್ಮನದು. ಈ ಕೊನೆಯದೇ ಮಂಗಳೂರಿಗರ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಯೂ ಅದೇ ದಿನಗಳಲ್ಲಿ ನಡೆಯುತ್ತದೆ. ಉಳಿದ ಸಂತರ ಹಬ್ಬಗಳು ಸಾಮಾನ್ಯವಾಗಿ ಅವರು ತೀರಿಕೊಂಡ ದಿನದವು. ಡಿಸೆಂಬರ್ 3ರಂದು ಬರುವ ಸಂತ ಫ್ರಾನ್ಸಿಸ್ ಸೇವಿಯರರ ಹಬ್ಬವೂ ಹಾಗೆಯೇ. ಹಳೆಯ ತಲೆಮಾರಿನವರು ತಮ್ಮ ಹೆಸರಿನ ಸಂತನ ಹಬ್ಬದಂದೇ ಶುಭಾಶಯ ಪಡೆಯುತ್ತಿದ್ದರು. ಮಕ್ಕಳು ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿಸಿ ಹಿರಿಯರಲ್ಲಿ 'ಬೆಸಾಂವ್', ಅಂದರೆ ಆಶೀರ್ವಾದ, ಬೇಡುವ ಪದ್ಧತಿ ನಮ್ಮ ನಮಸ್ಕಾರಕ್ಕಿಂತ ಬೇರೆಯೇನಲ್ಲ.

ಆದರೆ ಅವರಲ್ಲಿದ್ದು ನಮ್ಮಲ್ಲಿಲ್ಲದ ಒಂದು ವಸ್ತುವಿದೆ, ಇಗರ್ಜಿಯ ದಫ್ತರ. 16ನೆಯ ಶತಮಾನದ ಟ್ರೆಂಟ್ ಧರ್ಮಸಭೆಯ ಬಳಿಕ ಪ್ರತಿಯೊಂದು ಇಗರ್ಜಿಯೂ ದೀಕ್ಷಾಸ್ನಾನದ ದಾಖಲೆಯನ್ನು ಇಡಬೇಕೆಂಬ ನಿಯಮ ನೆಲೆಗೊಂಡಿತು. ಗಂಡು ಹೆಣ್ಣು, ಬಡವ ಬಲ್ಲಿದ ಎನ್ನದೆ ಮಗು ಹುಟ್ಟಿದ ದಿನ, ತಂದೆ ತಾಯಿಯರ ಹೆಸರು ಅದರಲ್ಲಿ ಸೇರುತ್ತವೆ. ಶಾಲೆಗೆ ಹೋಗದ ಬಾಯಮ್ಮನಿಗೆ ತನ್ನ ಹುಟ್ಟಿದ ತಾರೀಕು ಬಾಯಿಪಾಠವಾಗಿತ್ತು. ಅವರಷ್ಟೇ ಅಕ್ಷರ ಬಲ್ಲ ನಮ್ಮ ಅಜ್ಜಿಗೆ ಗೊತ್ತಿರಲಿಲ್ಲ.

ಅಜ್ಜಿಯ ಮೂರು ಸುಳಿವುಗಳನ್ನು ಕೇಳಿದ ಬಾಯಮ್ಮನೇ ನಾಲ್ಕನೆಯದನ್ನು ಹೊರಗೆಳೆದರು. "ಆ ಪೊರ್ಬುಗಳ ಮನೆಯಲ್ಲಿ ನಿಮ್ಮ ಪ್ರಾಯದವರು ಯಾರೂ ಇರಲಿಲ್ಲವಾ ಅಮ್ಮ?" ಎಂದು ವಿಚಾರಿಸಿದರು. ಇದ್ದರು. ಅವರ ಕೊನೆಯ ಮಗ ತನಗಿಂತ ನಾಲ್ಕು ದಿನಕ್ಕೆ ದೊಡ್ಡವನೆಂದು ಅಜ್ಜಿ ಥಟ್ಟನೆ ಹೇಳಿದರು. ಎರಡೂ ಮನೆಗಳ ಬಾಣಂತಿಯರಿಗೆ ಒಬ್ಬಳೇ ಸೂಲಗಿತ್ತಿ ಎಣ್ಣೆನೀರು ಹಾಕಲು ಬರುತ್ತಿದ್ದಳಂತೆ. ಬಾಯಮ್ಮನ ನೆಂಟರೊಬ್ಬರು ಆ ಊರಿನ ಇಗರ್ಜಿಗೆ ಹೋಗಿ ವಿಚಾರಿಸಿದರು. ಆ ಮನೆಯವರ ಒಪ್ಪಿಗೆಯ ಮೇಲೆ ಗುರುಗಳು ದಫ್ತರ ತೆಗೆಸಿ ನೋಡಿದರು: ಹುಟ್ಟಿದ್ದು 1923ರ ಡಿಸೆಂಬರ್ 22. ಅದಕ್ಕೆ ನಾಲ್ಕು ದಿನ ಸೇರಿಸಿದರೆ ಡಿಸೆಂಬರ್ 26. ಕ್ರಿಸ್‌ಮಸಿನ ಮರುದಿನ. ಹಳೆಯ ಕ್ಯಾಲೆಂಡರನ್ನು ಲೆಕ್ಕ ಹಾಕಿ ನೋಡಿದೆವು, ಆ ವರ್ಷದ ಡಿಸೆಂಬರ್ 26 ಬುಧವಾರವೇ. ತಿಥಿ ಮಾರ್ಗಶಿರ ಬಹುಳದ ಆರಂಭದ ದಿನಗಳು, ಪೆರಾರ್ದೆಯ ಎರಡನೆಯ ವಾರ. ನಾಲ್ಕು ಸುಳಿವುಗಳೂ ಒಂದೇ ಕಡೆ ಬಂದು ನಿಂತವು.

ಅಜ್ಜಿಗೆ ಹೇಳಿದಾಗ ಅವರು ಕೂಡಲೇ ಏನೂ ಮಾತನಾಡಲಿಲ್ಲ. ಆಮೇಲೆ, "ಹಾಗಾದರೆ ನನಗೆ ಎಷ್ಟಾಯಿತು?" ಎಂದರು. ಎಂಬತ್ತಮೂರು ತುಂಬಿತ್ತು. ಸಾವಿರ ಹುಣ್ಣಿಮೆಗಳು 2004ರಲ್ಲೇ ಸದ್ದಿಲ್ಲದೆ ಕಳೆದುಹೋಗಿದ್ದವು.

ಮುಂಬಯಿ ಕನ್ನಡದ ಹಿರಿಯ ಕಾದಂಬರಿಕಾರ ವ್ಯಾಸರಾಯ ಬಲ್ಲಾಳರು ಹುಟ್ಟಿದ್ದು 1923ರ ಡಿಸೆಂಬರ್ 1ರಂದು, ಅದೇ ಉಡುಪಿಯ ಪರಿಸರದಲ್ಲಿ. ಸಾಹಿತ್ಯ ಚರಿತ್ರೆಯಲ್ಲಿ ಆ ದಿನಾಂಕ ದಾಖಲಾಗಿದೆ. ಡಿಸೆಂಬರ್ 29 ಕುವೆಂಪು ಅವರ ಜನ್ಮದಿನ, 1904ರದು. 2015ರಿಂದ ಕರ್ನಾಟಕ ಸರಕಾರ ಅದನ್ನು ವಿಶ್ವಮಾನವ ದಿನವಾಗಿ ಆಚರಿಸುತ್ತಿದೆ. ನಾತಾಳದ ಆ ವಾರದಲ್ಲಿ ನಗರದ ಕನ್ನಡ ಸಂಘಗಳಲ್ಲಿ ಕವಿಯ ಸ್ಮರಣೆ ನಡೆಯುವುದೂ ಉಂಟು. ಈ ದಿನಗಳ ನಡುವೆ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ 26ರ ಚೌಕದೊಳಗೆ ಪೆನ್ಸಿಲಿನಲ್ಲಿ 'ಅಜ್ಜಿ' ಎಂದು ಬರೆದೆವು.

2007ರ ಡಿಸೆಂಬರಿನಲ್ಲಿ ಅಜ್ಜಿಯ ಮೊದಲ ಹುಟ್ಟುಹಬ್ಬ ನಡೆಯಿತು. ಕೇಕಿನ ಪ್ರಶ್ನೆ ಎದ್ದಿತು. ಮುಂಬಯಿಯ ನಮ್ಮ ಮನೆಗಳಿಗೆ ಕೇಕು ಬಂದದ್ದೇ ಒಂದು ಪ್ರತ್ಯೇಕ ಲೇಖನದ ವಿಷಯ. ನಮ್ಮ ತಂದೆಯ ಕಾಲದಲ್ಲಿ ದೀಪಾವಳಿಗೆ ನಾನ್‌ಖಟಾಯಿಯ ಹಿಟ್ಟನ್ನು ಓಣಿಯ ಬೇಕರಿಯ ಭಟ್ಟಿಗೆ ಕೊಂಡೊಯ್ದು ಸುಡಿಸುವಂತೆ ಕ್ರಿಸ್‌ಮಸಿಗೆ ಬಾಯಮ್ಮ ಕೇಕಿನ ಹಿಟ್ಟನ್ನು ಒಯ್ಯುತ್ತಿದ್ದರು. ಮೊಟ್ಟೆಯಿಲ್ಲದ ಕೇಕು ಎಲ್ಲೆಡೆ ಸಿಗತೊಡಗಿದ ಮೇಲೆಯೇ ಸಸ್ಯಾಹಾರಿಗಳ ಮನೆಯ ಮಕ್ಕಳಿಗೆ ಅದು ಒಲಿಯಿತು. ಅಜ್ಜಿಯ ತಕರಾರು ಕೇಕಿನ ಕುರಿತಲ್ಲ, ಮೇಣದಬತ್ತಿಯನ್ನು ಊದಿ ಆರಿಸುವುದರ ಕುರಿತು. ದೀಪವನ್ನು ಬಾಯಿಂದ ಊದುವುದು ಅಮಂಗಳವೆಂದು ಹಳಬರೆಲ್ಲ ಹೇಳುವುದೇ. ಈ ಬತ್ತಿಗಳ ಪದ್ಧತಿ 18ನೆಯ ಶತಮಾನದ ಜರ್ಮನಿಯಿಂದ ಹಬ್ಬಿದ್ದೆಂದೂ ಅಲ್ಲಿ ಮಕ್ಕಳ ಹುಟ್ಟುಹಬ್ಬದಂದು ಬತ್ತಿಯನ್ನು ದಿನವಿಡೀ ಉರಿಯಲು ಬಿಡುತ್ತಿದ್ದರೆಂದೂ ಓದಿ ಹೇಳಿದೆವು. "ಹಾಗಾದರೆ ಹಾಗೇ ಉರಿಯಲಿ" ಎಂದು ಅವರು ತೀರ್ಪು ಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಬತ್ತಿಯನ್ನು ಯಾರೂ ಊದುವುದಿಲ್ಲ. ಅದನ್ನು ಕೇಕಿನಿಂದ ತೆಗೆದು ದೇವರ ಮುಂದಿನ ಹಣತೆಯ ಪಕ್ಕದಲ್ಲಿರಿಸುತ್ತೇವೆ, ತಾನಾಗಿಯೇ ಉರಿದು ಮುಗಿಯುತ್ತದೆ. ಮೊದಲು ಎಳ್ಳು ಬೆಲ್ಲದ ಹಾಲು, ಆಮೇಲೆ ಆರತಿ, ಆಮೇಲೆ ಕೇಕು. ಮಗಳ ತಾರೀಕಿನ ಹುಟ್ಟುಹಬ್ಬವನ್ನೂ ಒಂದು ದಿನ ಮುಂದೂಡಿ 26ರಂದೇ ಅಜ್ಜಿಯೊಡನೆ ಮಾಡತೊಡಗಿದೆವು. 25 ಹೇಗೂ ಬಾಯಮ್ಮನ ಮನೆಯ ದಿನ.

ಹೀಗೆ ನಾಲ್ಕು ಹುಟ್ಟುಹಬ್ಬಗಳು ಅಜ್ಜಿಗೆ ಸಂದವು, 2007ರಿಂದ 2010ರವರೆಗೆ. 2011ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ತಿಥಿ ಈಗ ಎಲ್ಲರಿಗೂ ಗೊತ್ತು. ಶ್ರಾದ್ಧ ತಪ್ಪದೆ ನಡೆಯುತ್ತದೆ.

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನ ತಿದ್ದುಪಡಿಯ ಪ್ರಕಾರ, ಆ ದಿನದ ಬಳಿಕ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ. ಇನ್ನು ಮುಂದೆ ಯಾರೂ ಗುರುಗಳ ಕೃಪೆಯಿಂದ ಜೂನ್ 1ರಂದು ಹುಟ್ಟುವಂತಿಲ್ಲ. ಆದರೆ ಎಂಬತ್ತು ತೊಂಬತ್ತರ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರನ್ನು ಕೇಳುವಾಗ ತಾರೀಕು ಕೇಳಿದರೆ ಉತ್ತರ ಸಿಗದು. ಯಾವ ಬೆಳೆಯ ಕಾಲ, ಯಾವ ಹಬ್ಬದ ಹಿಂದುಮುಂದು, ಊರಿನಲ್ಲಿ ಆಗ ಏನಾಗಿತ್ತು, ನೆರೆಮನೆಯಲ್ಲಿ ಯಾರು ಹುಟ್ಟಿದ್ದರು ಎಂದು ಕೇಳಬೇಕು. ಮುಂಬಯಿಯಲ್ಲೇ ಹುಟ್ಟಿದವರಾದರೆ 1944ರ ಏಪ್ರಿಲಿನ ಬಂದರಿನ ಸ್ಫೋಟದಂತಹ ಗುರುತುಗಳು ನೆರವಾಗುತ್ತವೆ.

ಬಾಯಮ್ಮನ ಮಕ್ಕಳು ಚಾಳು ಬಿಟ್ಟು ವಸಾಯಿಯ ಕಡೆ ಮನೆ ಮಾಡಿದ್ದಾರೆ. ನಾವೂ ಚಾಳಿನಲ್ಲಿಲ್ಲ. ಡಿಸೆಂಬರ್ 25ರ ಸಂಜೆ ಅವರ ಮೊಮ್ಮಗ ಲೋಕಲ್ ರೈಲಿನಲ್ಲಿ ಸ್ಟೀಲಿನ ಡಬ್ಬವೊಂದನ್ನು ತರುತ್ತಾನೆ, ಮೇಲೆ ಕಸೂತಿಯ ಬಟ್ಟೆ, ಒಳಗೆ ನೆವ್ರಿಯೊ ಮತ್ತು ಮೊಟ್ಟೆ ಸೇರದ ಕಿಡಿಯೊ. ಮರುದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಅದರಿಂದ ಎರಡು ನೆವ್ರಿಯೊಗಳನ್ನು ಅಜ್ಜಿಯ ಭಾವಚಿತ್ರದ ಬಳಿ ಇಡುತ್ತೇವೆ. ಡಬ್ಬ ಹಿಂದಿರುಗುವಾಗ ಅದರಲ್ಲಿ ಹುಗ್ಗಿ ಇರುತ್ತದೆ.